ಚಾವಡಿಯ ಹೂದಾನಿ ಮತ್ತು 18 ಪೌಂಡಿನ ಫಿರಂಗಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ನಮ್ಮ ಚಾವಡಿಯಲ್ಲಿ ಒಂದು ಹಿತ್ತಾಳೆ ಹೂದಾನಿ ಇದೆ. ಹಬ್ಬ ಬಂದರೆ ಅಜ್ಜಿ ಅದರಲ್ಲಿ ಹಿಂಗಾರ ಇಡುತ್ತಿದ್ದರು. ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ತಳದ ಅಕ್ಷರಗಳು ಅರ್ಧ ಸವೆದಿವೆ.

ಕಳೆದ ಮಳೆಗಾಲದಲ್ಲಿ ಮಗಳು ಅದನ್ನು ಕವುಚಿ ಹಾಕಿ ಓದಿದಳು. ‘18 ಪಿ.ಆರ್.’, ಪಕ್ಕದಲ್ಲಿ ಮೇಲ್ಮುಖ ಬಾಣ. ಬಾಣ ಅಂದರೆ ಬ್ರಿಟಿಷ್ ಸರ್ಕಾರದ ಸೊತ್ತು. ಟೇಪ್ ಹಿಡಿದೆವು: ಎತ್ತರ 29.5 ಸೆಂಟಿಮೀಟರ್, ಬಾಯಿ ಸುಮಾರು 84 ಮಿಲಿಮೀಟರ್. 1914–18ರ ಯುದ್ಧದಲ್ಲಿ ಬ್ರಿಟಿಷರ ಮುಖ್ಯ ಫಿರಂಗಿಯಾಗಿದ್ದ 18 ಪೌಂಡರಿನ (‘ಪಿ.ಆರ್.’ ಅಂದರೆ ಪೌಂಡರ್) ಮದ್ದಿನ ಕೊಳವೆ ಅದು. ಅದರ ಗುಂಡೇ 8 ಕಿಲೋದಷ್ಟು ಭಾರ.

ತಳದ ನಡುವೆ ಒಂದು ಬಿರಡೆ ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಕಿಡಿ ಹಾರಿ ಒಳಗಿನ ಕಾರ್ಡೈಟ್ ಎಂಬ ಮದ್ದು ಹೊತ್ತಿಕೊಳ್ಳುತ್ತದೆ. ನಮ್ಮದು ಖಾಲಿ, ಬಿರಡೆಯಲ್ಲಿ ಪೆಟ್ಟಿನ ಗುಳಿಯೂ ಇದೆ. ಆದರೆ ಗುಳಿ ಕಂಡ ಮಾತ್ರಕ್ಕೆ ಧೈರ್ಯ ಮಾಡುವ ಹಾಗಿಲ್ಲ. ಪೆಟ್ಟು ಬಿದ್ದೂ ಹೊತ್ತದೆ ಉಳಿದದ್ದು ಇರಬಹುದು. ಒಂದೇ ಕೊಳವೆಗೆ ಹೊಸ ಬಿರಡೆ ಹಾಕಿ ಮತ್ತೆ ಮದ್ದು ತುಂಬುತ್ತಿದ್ದರು ಕೂಡ. ಬಾಯಿಯಲ್ಲಿ ಗುಂಡು ಕೂತೇ ಇದ್ದರಂತೂ ಮುಟ್ಟಲೇಬಾರದು.

ಇದೆಲ್ಲ ಗುಜರಿಯವರಿಗೆ ಯಾರು ಹೇಳಬೇಕು? ತಮ್ಮ ಮನೆಯಲ್ಲೂ ಇಂಥದ್ದೇ ಒಂದು ಇತ್ತು ಎಂದು ನೆರೆಯವರು ಹೇಳಿದರು. ಪೊಲೀಸರು ಸುಮ್ನೆ ತೊಂದರೆ ಕೊಟ್ಟಾರು ಎಂದು ಹೆದರಿ ತೂಕಕ್ಕೆ ಮಾರಿಬಿಟ್ಟರಂತೆ. ಖಾಲಿಯಾಗಿದ್ದರೆ ಒಂದು ನೆನಪು ಹೋಯಿತು. ತುಂಬಿದ್ದು ಕಟರ್ ಕೆಳಗೆ ಹೋದರೆ ಆ ಹುಡುಗರ ಗತಿ ಏನು? ನನಗೆ ನಿದ್ದೆ ಕೆಡಿಸುವುದು ಇದೇ.

ಇಂಥದ್ದನ್ನು ಯಾರಿಗೆ ತೋರಿಸಬೇಕು ಎಂದು ನಾನೂ ಒಂದು ಕಚೇರಿಗೆ ಹೋಗಿ ಕೇಳಿದೆ. ಮಲೆಯಾಳದಲ್ಲಿ ಅರ್ಜಿ ಬರೆದು ತನ್ನಿ ಎಂದರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ, ಅಲ್ವಾ?

ಮಂಜೇಶ್ವರ, ಕಾಸರಗೋಡು ತಾಲೂಕಿನ ಪ್ರತಿ ಪಂಚಾಯತಿನಲ್ಲಿ ಒಂದು ದಿನ ಬಾಂಬ್ ನಿಷ್ಕ್ರಿಯ ದಳದ ಒಬ್ಬರನ್ನು ಕೂರಿಸಿ. ಜನ ವಸ್ತುವನ್ನು ಹೊತ್ತು ತರುವುದು ಬೇಡ, ಇದ್ದಲ್ಲೇ ಫೋಟೋ ತೆಗೆದು ತರಲಿ. ಅನುಮಾನ ಇದ್ದ ಮನೆಗೆ ಮಾತ್ರ ಅವರು ಹೋಗಲಿ. ತೋರಿಸಿದವರ ಮೇಲೆ ಕೇಸು ಹಾಕುವುದಿಲ್ಲ ಎಂದು ನೋಟೀಸಿನಲ್ಲಿ ಕನ್ನಡದಲ್ಲೂ ಬರೆಸಿ. ಗುಜರಿ ಅಂಗಡಿಗಳ ಗೋಡೆಗೂ ಒಂದೊಂದು ಅಂಟಿಸಿ.

ನಮ್ಮ ಹೂದಾನಿಯ ತಳದ ಫೋಟೋ ನೋಟೀಸಿಗೆ ಬೇಕಿದ್ದರೆ ಕೊಡುತ್ತೇನೆ. ಸವೆಯದೆ ಉಳಿದ ಅಕ್ಷರಗಳು ಚೆನ್ನಾಗಿಯೇ ಕಾಣುತ್ತವೆ.

ಇಂತಿ,
ಬದಿಯಡ್ಕದ ಒಬ್ಬ ಕೃಷಿಕ