ಮಳೆಗಾಲದ ಮರಿಗಳು: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆ ಮಳೆ ಹಿಡಿದು ಕೂತಿದೆ, ‘ನಾಯಿಮರಿ ಮನೆಯೊಳಗೇ ಉಚ್ಚೆ ಹೊಯ್ಯುತ್ತೆ’ ಅನ್ನೋ ದೂರು ಈ ವಾರ ನಾಲ್ಕನೇ ಸಲ ಬಂತು. ದಯವಿಟ್ಟು ಅದರ ಮೂಗನ್ನು ಉಚ್ಚೆಗೆ ಉಜ್ಜಬೇಡಿ, ಹೊಡೆಯಬೇಡಿ. ಅದರಿಂದ ಅದು ಕಲಿಯೋದು ಇಷ್ಟೇ: ನಿಮ್ಮ ಕಣ್ಣೆದುರು ಮಾಡಬಾರದು, ಸೋಫಾ ಹಿಂದೆ ಮಾಡಬಹುದು!

2 ತಿಂಗಳ ಮರಿ ಹಗಲಲ್ಲಿ ಹೆಚ್ಚೆಂದರೆ 2 ಗಂಟೆ ತಡೆದೀತು. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಕರ್ಕೊಂಡು ಹೋಗಿ. ನಮ್ಮದು ಅಂಗಳಕ್ಕೆ ಇಳಿಯದೆ ಜಗುಲಿ ಅಂಚಲ್ಲಿ ಒಂದು ಕಾಲೆತ್ತಿ ಮಳೆ ನೋಡುತ್ತಾ ನಿಂತುಬಿಡ್ತಿತ್ತು. ಕೊಡೆ ಹಿಡಿದು ಕಾಫಿ ಕಣದ ಶೆಡ್ಡಿಗೆ ಒಯ್ದೆ. ಕೆಲಸ ಮುಗಿಸಿದ ಆ ಕ್ಷಣವೇ ಚೂರು ಬೇಯಿಸಿದ ಕೋಳಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯಲ್ಲ. ಹಾಂ, ವಾಪಸ್ ಬಂದಾಗ ಬೆರಳ ಸಂದಿ ನೋಡಿ, ಜಿಗಣೆ ಇರುತ್ತೆ.

ಇನ್ನು ಬೆಕ್ಕು: ಅದು ಉಚ್ಚೆ, ಕಕ್ಕ ಮಾಡುವ ಮರಳಿನ ಟ್ರೇ ಅದರ ಊಟದ ತಟ್ಟೆಯಿಂದ ದೂರ ಇರಲಿ. 2 ಬೆಕ್ಕಿದ್ದರೆ 3 ಟ್ರೇ. ಸೋಫಾ ಪರಚಿದರೆ ಪಕ್ಕದಲ್ಲೇ ಗೋಣಿ ಸುತ್ತಿದ ಕಂಬ ನಿಲ್ಲಿಸಿ. ನಮ್ಮ ತೋಟಗಳಲ್ಲಿ ಗೋಣಿಗೆ ಬರವೇ? ನೆಲಕ್ಕೆ ಫಿನಾಯಿಲ್ ಬೇಡ, ಬೆಕ್ಕಿಗೆ ವಿಷ. ಕಾಫಿ ಬೀಜವೂ ನಾಯಿ, ಬೆಕ್ಕು ಇಬ್ಬರಿಗೂ ಸಿಗದಂತೆ ಇಡಿ.