ಅಟ್ಟಕ್ಕೆ ಎಷ್ಟು ಮೆಟ್ಟಿಲಿದ್ದವು, ಶೀನ?

ಪ್ರೀತಿಯ ಶೀನ,

ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಹೋದ ಭಾನುವಾರ ಪೂರ್ವ ಲಂಡನ್ನಿನ ಗ್ರೋವ್ ರೋಡಿಗೆ ಹೋಗಿದ್ದೆ. ನೋಡಲು ಅಲ್ಲಿ ಏನೂ ಇಲ್ಲ. ಹುಲ್ಲು, ಮರ, ಅಷ್ಟೇ. 1993ರಲ್ಲಿ ಅಲ್ಲಿ ಒಂಟಿ ಮನೆಯೊಂದು ಉಳಿದಿತ್ತು, ಅದರ ಸಾಲಿನ ಬೇರೆ ಮನೆಗಳನ್ನೆಲ್ಲ ಕೆಡವಿಯಾಗಿತ್ತು. ರೇಚಲ್ ವೈಟ್‌ರೀಡ್ ಅನ್ನುವ ಶಿಲ್ಪಿ ಅದರ ಒಳಗೋಡೆಗಳಿಗೆಲ್ಲ ಕಾಂಕ್ರೀಟ್ ಸಿಂಪಡಿಸಿದರು. ಗಟ್ಟಿಯಾದ ಮೇಲೆ ಮನೆಯನ್ನೇ ಸುಲಿದು ತೆಗೆಸಿದರು. ಮನೆಯೇ ಅಚ್ಚು. ಉಳಿದದ್ದು ಕೋಣೆಗಳೊಳಗಿನ ಖಾಲಿ ಜಾಗ, ಬಂಡೆಯ ಹಾಗೆ. ಹಳ್ಳವಿದ್ದದ್ದು ಉಬ್ಬಾಗಿ, ಉಬ್ಬಿದ್ದದ್ದು ಹಳ್ಳವಾಗಿ. ಹೆಸರು 'ಹೌಸ್'.

ಆ ನವೆಂಬರಿನಲ್ಲಿ ಅವರಿಗೆ ಟರ್ನರ್ ಪ್ರಶಸ್ತಿ ಬಂತು, ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿ. ಅದನ್ನು ಪಡೆದ ಮೊದಲ ಹೆಂಗಸು ಅವರೇ. ಅದೇ ದಿನ ಅಲ್ಲಿನ ಕೌನ್ಸಿಲ್ ಶಿಲ್ಪವನ್ನು ಕೆಡವಲು ತೀರ್ಮಾನಿಸಿತು. 1994ರ ಜನವರಿ 11ಕ್ಕೆ ನೆಲಸಮ. ಎಂಥಾ ಅನ್ಯಾಯ ಅಲ್ವಾ?

ಅದಕ್ಕೂ ಮೊದಲು, 1990ರಲ್ಲಿ, ಅವರು ಹಳೇ ಮನೆಯೊಂದರ ಒಂದೇ ಕೋಣೆಯನ್ನು ಪ್ಲಾಸ್ಟರಿನಲ್ಲಿ ಎರಕ ತೆಗೆದಿದ್ದರು. ಬೆಂಕಿಗೂಡಿನ ಮಸಿ ಆ ಬಿಳಿ ಪ್ಲಾಸ್ಟರಿಗೆ ಅಂಟಿಕೊಂಡೇ ಬಂತು. ನಮ್ಮ ಬಚ್ಚಲೊಲೆಯ ಗೋಡೆ ನೆನಪಾಯಿತು. ನಡುಮನೆಯ ದೀಪದ ಗೂಡೂ. ಎರಕ ತೆಗೆದಿದ್ದರೆ ಆ ಗೂಡು ಮುಷ್ಟಿಯ ಹಾಗೆ ಮುಂದೆ ಚಾಚಿಕೊಂಡಿರುತ್ತಿತ್ತು.

ವೈಟ್‌ರೀಡ್‌ಗೆ ತಮ್ಮ ಅಮ್ಮ ತೀರಿಕೊಂಡ ಮೇಲೆ ಆ ಅಮ್ಮನ ಮನೆಯಲ್ಲಿ ಹಳೇ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿತಂತೆ. 2005ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ದೊಡ್ಡ ಹಾಲಿನಲ್ಲಿ 14,000 ಬಿಳಿ ಪೆಟ್ಟಿಗೆಗಳನ್ನು ಪೇರಿಸಿದ್ದರ ಹಿಂದೆ ಇದ್ದದ್ದು ಆ ಒಂದು ಪೆಟ್ಟಿಗೆ. ಇದನ್ನು ಓದಿದಾಗಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ ಕಣೋ. ನಮ್ಮಮ್ಮನ ಪೆಟ್ಟಿಗೆ ಎತ್ತಿದವನು ನೀನು. ನಾಗಂದಿಗೆ ಮೇಲಿನ ಡಬ್ಬಿಗಳನ್ನು ಇಳಿಸಿದವನೂ ನೀನು. ರಜೆ ಸಿಗಲಿಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ಸುಳ್ಳು. ರಜೆ ಸಿಕ್ಕಿತ್ತು. ಟಿಕೆಟ್ಟೂ ತೆಗೆದಿದ್ದೆ. ಅಮ್ಮನಿಲ್ಲದ ನಡುಮನೆಗೆ ಕಾಲಿಡುವ ಧೈರ್ಯ ಬರಲಿಲ್ಲ. ನೀನು ಕಳಿಸಿದ ಜೆಸಿಬಿ ವಿಡಿಯೋ ಇನ್ನೂ ತೆರೆದಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬಿಡು.

ಟೇಟ್ ಸಂಗ್ರಹದಲ್ಲಿ ಅವರ ಮೆಟ್ಟಿಲೊಂದಿದೆ, 2001ರದ್ದು. ಹಿಂದೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡವನ್ನು ಅವರು ಕೊಂಡಿದ್ದರು. ಅಲ್ಲಿನ ಮೆಟ್ಟಿಲ ಸುತ್ತಲಿನ ಜಾಗದ ಎರಕ ಅದು. ಹತ್ತುವುದು ಯಾವ ಕಡೆ, ಇಳಿಯುವುದು ಯಾವ ಕಡೆ, ಗೊತ್ತೇ ಆಗುವುದಿಲ್ಲ. ಅದನ್ನು ನೋಡಿ ನಮ್ಮ ಅಟ್ಟದ ಮೆಟ್ಟಿಲು ಎಣಿಸಲು ಹೋದೆ. ಒಮ್ಮೆ ಹನ್ನೊಂದು ಬರುತ್ತದೆ, ಒಮ್ಮೆ ಹದಿಮೂರು.

ನೀನೇ ಹೇಳಬೇಕು. ಹಲಸಿನ ಹಣ್ಣಿನ ಸಮೇತ ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಎಣಿಸಿಕೊಂಡು ಬಂದವನು ನೀನೇ ತಾನೇ?

ನಿನ್ನ,
ರಘು