ಬುಷ್ ಸವೆದಿರುವಾಗ ಸ್ಪ್ರಿಂಗ್ ಬದಲಿಸಿ ಏನು ಪ್ರಯೋಜನ?

ಮಾನ್ಯ ಸಂಪಾದಕರೇ,

ಕಾರನ್ನು ಸ್ವಲ್ಪ ತಗ್ಗಿಸಿದರೆ ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ ಎಂದು ನಿಮ್ಮ ವಾಹನ ಪುಟದಲ್ಲಿ ಮೊನ್ನೆ ಓದಿದೆ. ರೇಸ್ ಟ್ರ್ಯಾಕಿನಲ್ಲಿ ನಿಜವಿರಬಹುದು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ನನ್ನ ಟ್ರ್ಯಾಕು ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಅಲ್ಲಿ ನನಗಾದ ಅನುಭವವೇ ಬೇರೆ.

ನಮ್ಮದು 2012ರ ಸ್ವಿಫ್ಟ್ ಡೀಸೆಲ್. 1,10,000 ಕಿ.ಮೀ. ದಾಟಿದ ಮೇಲೆ ಸ್ಟೀರಿಂಗ್ ಸಡಿಲ ಅನ್ನಿಸತೊಡಗಿತು. ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತಿತ್ತು. ಹೊಂಡಕ್ಕೆ ಇಳಿದಾಗೆಲ್ಲ ಮುಂದಿನಿಂದ ಟಕ್ ಟಕ್ ಸದ್ದು. ಮಗ ಬೆಂಗಳೂರಿನಲ್ಲಿದ್ದಾನೆ. ‘ಅಪ್ಪಯ್ಯ, ಸಸ್ಪೆನ್ಶನ್ ಅಪ್‌ಗ್ರೇಡ್ ಮಾಡಿಸಿಬಿಡೋಣ, ಘಾಟಿಯಲ್ಲಿ ಹೆದರಿಕೆಯೇ ಇರಲ್ಲ’ ಅಂದ. ಅಲ್ಲಿಯ ಒಂದು ಅಂಗಡಿಯಲ್ಲಿ 22,000 ರೂಪಾಯಿ ತೆತ್ತು ನಾಲ್ಕೂ ಚಕ್ರಕ್ಕೆ 40 ಮಿ.ಮೀ. ಗಿಡ್ಡ ಸ್ಪ್ರಿಂಗ್ ಹಾಕಿಸಿದ. ಶಾಕ್ ಅಬ್ಸಾರ್ಬರ್ ಹಳೆಯವೇ. ಕಾರು ನೋಡೋಕೆ ಚೆಂದವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಮ್ಮನನ್ನು ಕಣ್ಣು ತೋರಿಸೋಕೆ ಮಣಿಪಾಲಕ್ಕೆ ಕರೆದುಕೊಂಡು ಹೊರಟೆವು. ಮಗನೂ ಬಂದಿದ್ದ, ನನ್ನ ಹೆಂಡತಿಯೂ ಇದ್ದಳು. ಜಿಟಿಜಿಟಿ ಮಳೆ. ಘಾಟಿಯ ನಡುವಿನ ಒಂದು ಎಡ ತಿರುವಿನಲ್ಲಿ ಟಾರು ಕಿತ್ತ ಅಂಚಿನ ಮೇಲೆ ಬಲಗಡೆಯ ಮುಂದಿನ ಚಕ್ರ ಹತ್ತಿತು. ಧಡ್ ಎಂದು ಒಂದು ಸದ್ದು. ಕಾರಿನ ಮೂತಿ ಒಂದು ಗೇಣು ಬಲಕ್ಕೆ ಹಾರಿತು. ವೇಗ 25 ಕೂಡ ಇರಲಿಲ್ಲ. ಎದುರಿಂದ ಹತ್ತಿ ಬರುತ್ತಿದ್ದ ಮಿನಿ ಬಸ್ಸಿನ ಚಾಲಕ ಪುಣ್ಯಾತ್ಮ, ಮೊದಲೇ ನಿಲ್ಲಿಸಿಕೊಂಡಿದ್ದ. ಹಿಂದಿನ ಸೀಟಿನಿಂದ ಅಮ್ಮ, ‘ಅಷ್ಟು ದುಡ್ಡು ಕೊಟ್ಟು ಕಾರು ಹಾಳು ಮಾಡ್ಸಿದ್ಯನಾ ಮಾರಾಯ?’ ಅಂದಳು. ಮೊಮ್ಮಗ ಕಿಟಕಿಯಾಚೆ ನೋಡಿದ.

ಊರಿಗೆ ಬಂದವನು ಕಾರನ್ನು ನಮ್ಮ ಹಳೆಯ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ಆತ ಸ್ಪ್ರಿಂಗಿನ ಕಡೆ ನೋಡಲೇ ಇಲ್ಲ. ಕಾರನ್ನು ಎತ್ತಿಸಿ ಲೋಯರ್ ಆರ್ಮಿಗೆ, ಅಂದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಕಬ್ಬಿಣದ ತೋಳಿಗೆ, ಸಣ್ಣ ಹಾರೆ ಕೊಟ್ಟು ಮೀಟಿದರು. ಎಡಗಡೆ ಆರ್ಮು ಇಡಿಯಾಗಿ ಹಿಂದಕ್ಕೆ ಸರಿದು ವಾಪಸ್ ಬಂತು. ಟಾರ್ಚ್ ಹಿಡಿದು ತೋರಿಸಿದರು. ಆ ತೋಳಿನ ಕೀಲಿನಲ್ಲಿ ಕೂರುವ ರಬ್ಬರು ಬಳೆಯೇ ಬುಷ್ಷು. ಹಿಂದಿನ ದೊಡ್ಡ ಬುಷ್ಷಿನ ರಬ್ಬರು ಹರಿದು, ನಡುವಿನ ಕಬ್ಬಿಣದ ಕೊಳವೆ ಒಂದು ಕಡೆಗೆ ವಾಲಿತ್ತು. ತೋಳಿನ ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟಿನ ರಬ್ಬರು ಟೊಪ್ಪಿಗೆ ಒಡೆದು ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣು. ಲಿಂಕ್ ರಾಡ್ (ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರಿನ ಕೊಂಡಿ) ಕೈಯಲ್ಲಿ ಅಲ್ಲಾಡಿಸಿದರೇ ಟಕ್ ಟಕ್. ನಾನು ವರ್ಷದಿಂದ ಕೇಳುತ್ತಿದ್ದ ಸದ್ದು ಅದೇ.

ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಅದನ್ನು ಹಿಡಿದಿಡುವುದು ಈ ಬುಷ್ಷು. ಅದು ಸತ್ತರೆ ಒಂದು ಚಕ್ರ ಒಂದು ಕಡೆ ನೋಡುತ್ತದೆ, ಇನ್ನೊಂದು ಇನ್ನೊಂದು ಕಡೆ. ಅದರ ಮೇಲೆ ಎಷ್ಟು ಬಿಗಿ ಸ್ಪ್ರಿಂಗ್ ಕೂರಿಸಿದರೂ ಕಾರು ನೆಟ್ಟಗೆ ಹೋಗುವುದು ಹೇಗೆ? ಬೆಂಗಳೂರಿನ ಆ ಅಂಗಡಿಯವರು ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಬಿಚ್ಚಿ ಜೋಡಿಸಿದ್ದಾರೆ. ಪಕ್ಕದಲ್ಲೇ ಇದ್ದ ಈ ಬುಷ್ಷನ್ನು ನೋಡಿಲ್ಲ. ಅಥವಾ ನೋಡಿಯೂ ಸುಮ್ಮನಿದ್ದಾರೆ.

ತಗ್ಗಿಸುವುದರಿಂದ ಆಗುವ ತೊಂದರೆಯನ್ನು ಮೇಸ್ತ್ರಿ ಮೊಣಕೈಯಲ್ಲೇ ತೋರಿಸಿದರು. ಮುಂಗೈಯನ್ನು ಸ್ವಲ್ಪ ಕೆಳಮುಖವಾಗಿ ಇಟ್ಟುಕೊಳ್ಳಿ. ಅದು ಲೋಯರ್ ಆರ್ಮು, ಮುಷ್ಟಿ ಇರುವ ಕಡೆ ಚಕ್ರ. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಹೊರಗಿನ ಚಕ್ರ ಮೇಲೇರುತ್ತದೆ. ಕೈ ಅಡ್ಡಕ್ಕೆ ನೇರವಾಗುವ ತನಕ ಮುಷ್ಟಿ ಹೊರಕ್ಕೆ ಚಾಚುತ್ತದೆ, ಅಂದರೆ ಚಕ್ರದ ಬುಡ ಹೊರಗೆ ಹೋಗಿ ಟೈರು ರಸ್ತೆಗೆ ಚೆನ್ನಾಗಿ ಕೂರುತ್ತದೆ. ಕೈ ಅದಕ್ಕಿಂತ ಮೇಲೆ ಹೋದರೆ ಮುಷ್ಟಿ ಒಳಕ್ಕೆ ಬರುತ್ತದೆ. ಆಗ ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಕಾರನ್ನು ತಗ್ಗಿಸಿದರೆ ಆರ್ಮು ಮೊದಲೇ ಅಡ್ಡಕ್ಕೆ ಬಂದು ಕೂತಿರುತ್ತದೆ, ಮುಂದಿನ ಲಾಭ ಹೋಯಿತು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳ ಗುಣವೇ ಇದು. ಮಾರುತಿ 800ರಿಂದ ಹಿಡಿದು ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಮುಂದೆ ಇರುವುದು ಬಹುಪಾಲು ಇದೇ. ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡಿನ ಓರೆಯೂ ಬದಲಾಗುವುದರಿಂದ ಟೋ, ಅಂದರೆ ಎರಡೂ ಚಕ್ರ ನೆಟ್ಟಗೆ ಮುಂದೆ ನೋಡುವ ಹದ, ತಪ್ಪುತ್ತದೆ. ಹೀಗೆ ಟೋ ತಪ್ಪಿ ನನ್ನ ಮುಂದಿನ ಎರಡೂ ಟೈರು ಒಳ ಅಂಚಿನಲ್ಲಿ 4,000 ಕಿ.ಮೀ.ಗೇ ಬೋಳಾಗಿದ್ದವು.

ಘಾಟಿಯಲ್ಲಿ ಧಡ್ ಎಂದ ಸದ್ದು ಬಂಪ್ ಸ್ಟಾಪಿನದು, ಅಂದರೆ ಸ್ಪ್ರಿಂಗ್ ಪೂರಾ ಕುಗ್ಗಿದಾಗ ತಡೆಯುವ ರಬ್ಬರಿನದು. ಸ್ಪ್ರಿಂಗ್ ಕುಗ್ಗಲು ಜಾಗವೇ ಉಳಿದಿರಲಿಲ್ಲ. ನಾಲ್ಕು ಜನ, ಮುಂದೆ ಭಾರದ ಡೀಸೆಲ್ ಎಂಜಿನ್ ಬೇರೆ. ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ಇರುವ ಅಂತರ) ಖಾಲಿ ಇದ್ದಾಗ 170 ಮಿ.ಮೀ. ಅದರಲ್ಲಿ 40 ಕಳೆಯಿರಿ. ನಮ್ಮ ಹಂಪುಗಳನ್ನು ಆಮೇಲೆ ನೋಡಿ. ರಸ್ತೆಗಳ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಲೆಕ್ಕದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮೂರ ಕಡೆಯವು ಅಡಿಕೆ ಮರ ಅಡ್ಡ ಮಲಗಿಸಿದ ಹಾಗಿವೆ. (ಇದಕ್ಕೇ ಬೇರೆ ಪತ್ರ ಬರೆಯಬೇಕು.)

ಕೊನೆಗೆ ಮಾಡಿಸಿದ್ದು ಇಷ್ಟು. ಹಳೆಯ ಸ್ಪ್ರಿಂಗ್‌ಗಳನ್ನೇ ವಾಪಸ್ ಹಾಕಿಸಿದೆ, ಮಗ ಎಸೆದಿರಲಿಲ್ಲ ಸದ್ಯ. ಎರಡೂ ಕಡೆ ಬುಷ್, ಬಾಲ್ ಜಾಯಿಂಟ್ ಸಹಿತ ಹೊಸ ಲೋಯರ್ ಆರ್ಮ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ. ಆಮೇಲೆ ಅಲೈನ್‌ಮೆಂಟ್. ಕೂಲಿ ಸೇರಿ 14,000 ಚಿಲ್ಲರೆ. ಬುಷ್ಷಿನ ಬೋಲ್ಟನ್ನು ಕಾರು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆಯೇ ಬಿಗಿ ಮಾಡಬೇಕಂತೆ. ಎತ್ತಿಟ್ಟಾಗಲೇ ಬಿಗಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಎಷ್ಟು ಗ್ಯಾರೇಜಿನಲ್ಲಿ ಮಾಡುತ್ತಾರೋ! ಈಗ ಅದೇ ಘಾಟಿಯಲ್ಲಿ ಬೆರಳಲ್ಲೇ ತಿರುಗಿಸುವಷ್ಟು ಹದವಾಗಿದೆ ಸ್ಟೀರಿಂಗು.

ಹಾಗಂತ ಅಪ್‌ಗ್ರೇಡೇ ಬೇಡ ಅನ್ನುತ್ತಿಲ್ಲ. ಎಲ್ಲ ಹೊಸದಾದ ಮೇಲೂ ಸಾಲದು ಅನ್ನಿಸಿದರೆ ಮೊದಲು ಟೈರು ನೋಡಿ. ನನ್ನ ಮಾಡೆಲ್‌ಗೆ ಬಂದದ್ದು 165/80 ಆರ್14. ಅದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿಯೇ ಅದಕ್ಕಿಂತ ಅಗಲದ 185/65 ಆರ್15 ಕೊಡುತ್ತಿತ್ತು. ಪಾಲಿಯುರಿಥೇನ್ ಬುಷ್ ಗಟ್ಟಿ, ಆದರೆ ಸದ್ದು, ಅದುರು ಜಾಸ್ತಿ. ಮುಂದೆ ದಪ್ಪ ಆ್ಯಂಟಿ ರೋಲ್ ಬಾರ್ ಹಾಕಿದರೆ ವಾಲುವುದು ಕಡಿಮೆಯಾಗುತ್ತದೆ ನಿಜ. ಆದರೆ ಮುಂದಿನ ಚಕ್ರದಿಂದಲೇ ಓಡುವ ಇಂಥ ಕಾರು ತಿರುವಿನಲ್ಲಿ ಹೊರಕ್ಕೆ ಜಾರುವ ಗುಣ ಹೆಚ್ಚುತ್ತದೆ. ಘಾಟಿಯಲ್ಲಿ ನನಗದು ಬೇಡ.

ಸಾರಿಗೆ ಇಲಾಖೆಯವರಿಗೂ ಒಂದು ಮಾತು. ಖಾಸಗಿ ಕಾರಿಗೆ ಆರ್‌ಸಿ (ನೋಂದಣಿ ಪತ್ರ) 15 ವರ್ಷದ್ದು. ಅಲ್ಲಿಯ ತನಕ ಹೊಗೆ ತಪಾಸಣೆ ಬಿಟ್ಟರೆ ಯಾರೂ ಕಾರಿನ ಅಡಿಗೆ ಬಗ್ಗಿ ನೋಡುವುದಿಲ್ಲ. ಕಾರಿನ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಹರಿದ ಬುಷ್ಷಿಟ್ಟುಕೊಂಡು ಓಡಾಡುವವನನ್ನು ಕೇಳುವವರೇ ಇಲ್ಲ. ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಮಾಡುತ್ತೀರಲ್ಲ, ಕರಪತ್ರ ಹಂಚುವ ಜೊತೆಗೆ ತಾಲ್ಲೂಕಿಗೊಂದು ದಿನ ಜಾಕು, ಹಾರೆ, ಟಾರ್ಚು ಇಟ್ಟುಕೊಂಡು ಬನ್ನಿ. ಕಾರಿನವರಿಗೆ ಅವರವರ ಬುಷ್ ತೋರಿಸಿ ಕಳಿಸಿ. ಒಂದು ಕಾರಿಗೆ ಹತ್ತು ನಿಮಿಷ ಸಾಕು ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಕರೆದರೆ ಅವರೂ ಬರುತ್ತಾರಂತೆ, ಮಧ್ಯಾಹ್ನದ ಊಟ ಹಾಕಿಸಬೇಕು ಅಷ್ಟೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು